ಕೋವಿಯನ್ನು ಹಾಸಿಗೆಯಲ್ಲಿ ಸುತ್ತಿ ಗಡಿ ದಾಟಲು ಹೋಗಬೇಡಿ

ನಾನು ಮನೆ ಬದಲಿಸಿದ್ದು ಬರೀ ಹದಿನೆಂಟು ಕಿಲೋಮೀಟರ್ ಆಚೆಗೆ. ಬಂಟ್ವಾಳ ತಾಲೂಕಿನ ಗಡಿಯ ಊರಿನಿಂದ ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ ಹೆಂಡತಿಯ ತವರಿನ ತೋಟಕ್ಕೆ. ಅಲ್ಲಿಯೂ ಅದೇ ಅಡಕೆ, ಅದೇ ಕೊಳೆರೋಗ, ಅದೇ ತುಳು, ಅದೇ ಕನ್ನಡ. 1956ರಲ್ಲಿ ಎಳೆದ ಗೆರೆಯೊಂದು ನಡುವೆ ಇದೆ ಎಂಬುದು ನಮ್ಮ ಕಡೆಯವರಿಗೆ ಬಸ್ಸಿನ ಬಣ್ಣ ಬದಲಾದಾಗ ಮಾತ್ರ ನೆನಪಾಗುತ್ತದೆ. ನನಗೆ ನೆನಪಿಸಿದ್ದು ಅಪ್ಪನ ಜೋಡುನಳಿಗೆ ಕೋವಿ.

ಅಪ್ಪ ತೀರಿಹೋದ ಮೇಲೆ ಕೋವಿಯನ್ನು ಕ್ರಮಬದ್ಧವಾಗಿಯೇ ನನ್ನ ಹೆಸರಿಗೆ ಮಾಡಿಸಿಕೊಂಡಿದ್ದೆ. ಪ್ರತಿ ಸಲವೂ ಸಮಯಕ್ಕೆ ನವೀಕರಣ, ಪ್ರತಿ ಚುನಾವಣೆಗೂ ಠಾಣೆಯಲ್ಲಿ ಠೇವಣಿ. ಹಂದಿ, ಮಂಗಗಳನ್ನು ಬೆದರಿಸಲು ವರ್ಷಕ್ಕೆ ನಾಲ್ಕಾರು ಈಡು ಹೊಡೆದರೆ ಹೆಚ್ಚು. ಇಷ್ಟು ಶಿಸ್ತಿನ ಮನುಷ್ಯನಿಗೆ ತೊಂದರೆ ಎಲ್ಲಿಂದ ಬರಬೇಕು ಎಂದುಕೊಂಡಿದ್ದೆ. ಆ ಧೈರ್ಯವೇ ನನ್ನನ್ನು ಮುಳುಗಿಸಿತು.

2024ರ ಮಾರ್ಚ್ ಕೊನೆಯ ವಾರ. ಪಾಲಿನಲ್ಲಿ ಹಳೆಯ ಮನೆ ತಮ್ಮನಿಗೆ ಹೋಗಿತ್ತು. ಮಾವನಿಗೆ ತೋಟ ನೋಡಿಕೊಳ್ಳಲು ಕೈಲಾಗುತ್ತಿರಲಿಲ್ಲ. ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಗಿ ಕೋವಿಗಳನ್ನು ಠೇವಣಿ ಇಡಬೇಕೆಂಬ ಆದೇಶ ಬಂದಿತ್ತು. ಠಾಣೆಯಿಂದ ಫೋನು ಕೂಡ ಬಂತು. ಹೇಗೂ ಈ ಜಿಲ್ಲೆಯನ್ನೇ ಬಿಟ್ಟು ಹೋಗುತ್ತಿದ್ದೇನೆ, ಇಲ್ಲಿ ಇಟ್ಟು ಮತ್ತೆ ಬಿಡಿಸಿಕೊಳ್ಳಲು ಯಾರು ಓಡಾಡುತ್ತಾರೆ, ಅಲ್ಲಿಯ ಠಾಣೆಯಲ್ಲೇ ಇಟ್ಟರಾಯಿತು ಎಂದು ನಾನೇ ತೀರ್ಮಾನಿಸಿಬಿಟ್ಟೆ. ಎರಡೂ ಕಡೆ ಮತದಾನ ಇದ್ದದ್ದು ಒಂದೇ ದಿನ, ಏಪ್ರಿಲ್ 26ಕ್ಕೆ. ಹಾಗಾಗಿ ಗಡಿಯಲ್ಲಿ ಎರಡೂ ರಾಜ್ಯದವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದಾರೆ ಎಂಬ ಸಾಮಾನ್ಯ ಜ್ಞಾನವೂ ಹೊಳೆಯಲಿಲ್ಲ.

ಹೊರಡುವ ಮುನ್ನ ಮಡಿಕೇರಿಯ ಗೆಳೆಯನನ್ನು ಕೇಳಿದ್ದೆ. “ನಾನು ಬೆಂಗಳೂರಿಗೇ ಒಯ್ದಿದ್ದೇನೆ ಮಾರಾಯ, ನಿನ್ನದು ಹದಿನೆಂಟು ಕಿಲೋಮೀಟರ್!” ಎಂದು ನಕ್ಕ. ಅವನು ಕೊಡವ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ (ವಂಶಪಾರಂಪರ್ಯವಾಗಿ ಜಮೀನು ಪಡೆದವರು) ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದಲೇ ವಿನಾಯಿತಿ ಇದೆ. ಬ್ರಿಟಿಷರ ಕಾಲದ್ದು, 2029ರವರೆಗೆ ವಿಸ್ತರಣೆಯಾಗಿದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಅದಕ್ಕೂ ನನ್ನ ಪರವಾನಗಿಗೂ ಏನೇನೂ ಸಂಬಂಧವಿಲ್ಲ. ಪರವಾನಗಿಯೇ ಬೇಡದವನ ಹತ್ತಿರ ಪರವಾನಗಿಯ ಬಗ್ಗೆ ಸಲಹೆ ಕೇಳಿದ ಜಾಣ ನಾನು.

ಪಿಕಪ್‌ನಲ್ಲಿ ಸಾಮಾನು ತುಂಬಿದೆವು. ಕೋವಿಗೆ ಪೆಟ್ಟಾಗಬಾರದೆಂದು ಹಳೆಯ ಜಮಖಾನೆಯಲ್ಲಿ ಸುತ್ತಿ, ಎರಡು ಹತ್ತಿಯ ಹಾಸಿಗೆಗಳ ನಡುವೆ ಇಟ್ಟು ಹಗ್ಗ ಬಿಗಿದೆ. ಹನ್ನೊಂದು ತೋಟಾಗಳು ಹಾರ್ಲಿಕ್ಸ್ ಬಾಟಲಿಯಲ್ಲಿದ್ದವು. ಹೆಂಡತಿ ಅದನ್ನು ಅಡುಗೆಮನೆಯ ಪೆಟ್ಟಿಗೆಯಲ್ಲಿ ಮಿಡಿ ಉಪ್ಪಿನಕಾಯಿ ಭರಣಿಯ ಪಕ್ಕ ಇಟ್ಟಿದ್ದು ನನಗೆ ಗೊತ್ತೇ ಇರಲಿಲ್ಲ. ಡ್ರೈವರ್ ಹುಡುಗ ಮುಂದೆ ಹೋದ. ನಾನು ದನಗಳ ವ್ಯವಸ್ಥೆ ಮುಗಿಸಿ ಬೈಕಿನಲ್ಲಿ ಬರುತ್ತೇನೆ ಎಂದೆ. ಪರವಾನಗಿ ಪುಸ್ತಕ ನನ್ನ ಚೀಲದಲ್ಲಿ.

ಇಪ್ಪತ್ತು ನಿಮಿಷಕ್ಕೆ ಫೋನು. “ಅಣ್ಣಾ, ಹಾಸಿಗೆಯಲ್ಲಿ ಏನಿಟ್ಟಿದ್ದೀರಿ?” ಅಷ್ಟೇ ಕೇಳಿದ. ಅವನ ದನಿ ನಡುಗುತ್ತಿತ್ತು.

ನಾನು ತಲುಪಿದಾಗ ಹಾಸಿಗೆ ರಸ್ತೆಯ ಬದಿಯಲ್ಲಿ ಬಿಚ್ಚಿ ಬಿದ್ದಿತ್ತು, ಕೋವಿ ಪೊಲೀಸ್ ಜೀಪಿನ ಬಾನೆಟ್ ಮೇಲಿತ್ತು. ವಿಡಿಯೋ ಮಾಡುತ್ತಿದ್ದರು. ಪೆಟ್ಟಾಗದಿರಲಿ ಎಂದು ನಾನು ಸುತ್ತಿದ್ದು ಅವರ ಕಣ್ಣಿಗೆ ಬಚ್ಚಿಟ್ಟ ಹಾಗೆ ಕಂಡಿತ್ತು. ನಿಜ ಹೇಳಬೇಕೆಂದರೆ ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ತಿಳಿಯುತ್ತಿದ್ದೆ. ಉಪ್ಪಿನಕಾಯಿಯ ಪಕ್ಕದಿಂದ ತೋಟಾ ಹೊರಬಂದ ಮೇಲಂತೂ ಮಾತೇ ಉಳಿಯಲಿಲ್ಲ. ಸಬ್ ಇನ್ಸ್‌ಪೆಕ್ಟರ್ ಪರವಾನಗಿ ಪುಸ್ತಕ ತಿರುವಿ ಎರಡೇ ಪ್ರಶ್ನೆ ಕೇಳಿದರು. “ಲೈಸೆನ್ಸ್ ಇರುವುದು ನಿಮಗೆ, ಕೋವಿಯ ಜೊತೆ ನೀವೇಕೆ ಇರಲಿಲ್ಲ? ಈ ಅಂಕಣ ಓದಿದ್ದೀರಾ?”

ಓದಿರಲಿಲ್ಲ. ಪರವಾನಗಿ ಊರ್ಜಿತವಿರುವ ಪ್ರದೇಶ ಎಂಬ ಆ ಅಂಕಣದಲ್ಲಿ ‘ದಕ್ಷಿಣ ಕನ್ನಡ ಜಿಲ್ಲೆ’ ಎಂದಿತ್ತು. ಇಡೀ ಕರ್ನಾಟಕ ಕೂಡ ಅಲ್ಲ. ಅಷ್ಟು ವರ್ಷ ನವೀಕರಣದ ತಾರೀಖು ಮಾತ್ರ ನೋಡುತ್ತಿದ್ದೆ.

ಆಮೇಲೆ ವಕೀಲರು ಹೇಳಿದ ಮಾತು ಈಗಲೂ ರಾತ್ರಿ ನಿದ್ದೆಯಲ್ಲಿ ಬರುತ್ತದೆ. ಪಿಕಪ್ ಗಡಿಯ ಈಚೆಗೆ ಸಿಕ್ಕಿಬಿದ್ದದ್ದು ನನ್ನ ಪುಣ್ಯವಂತೆ. ಈಚೆಗೆ ನನಗೆ ಪರವಾನಗಿ ಇತ್ತು, ಆದ್ದರಿಂದ ಅದು ಷರತ್ತಿನ ಉಲ್ಲಂಘನೆ ಮತ್ತು ಠೇವಣಿ ಆದೇಶದ ಉಲ್ಲಂಘನೆ. ಇನ್ನೂರು ಮೀಟರ್ ದಾಟಿದ್ದರೆ ಅಲ್ಲಿ ನನ್ನ ಪುಸ್ತಕಕ್ಕೆ ಬೆಲೆಯಿಲ್ಲ, ಪರವಾನಗಿಯೇ ಇಲ್ಲದೆ ಕೋವಿ ಇಟ್ಟುಕೊಂಡವನ ಸಾಲಿಗೆ ಸೇರುತ್ತಿದ್ದೆ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ ಶಿಕ್ಷೆಯೇ ಎರಡು ವರ್ಷ, ಗರಿಷ್ಠ ಐದು. ಷರತ್ತು ಮುರಿದದ್ದಕ್ಕಾದರೆ ಗರಿಷ್ಠ ಆರು ತಿಂಗಳು, ಅಥವಾ ದಂಡ. ನಾನು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸಿದೆ. ವಕೀಲರ ಶುಲ್ಕದ ಮುಂದೆ ಆ ದಂಡ ಚಿಲ್ಲರೆ.

ಹುಡುಗನ ಪಿಕಪ್ ಮೂರು ವಾರ ಠಾಣೆಯ ಅಂಗಳದಲ್ಲಿ ಬಿಸಿಲಿಗೆ ನಿಂತಿತು. ಅವನ ಬಾಡಿಗೆಯ ನಷ್ಟ ಕಟ್ಟಿಕೊಟ್ಟೆ, ಆದರೆ ಅವನ ತಾಯಿಯ ಮುಖ ನೋಡಲು ಇವತ್ತಿಗೂ ಮುಜುಗರ.

ಕೋವಿ ಜಪ್ತಿಯಾದದ್ದು ಬೇಸಿಗೆಯಲ್ಲಿ, ಕೋರ್ಟಿನ ಆದೇಶವಾಗಿ ಹೊರಬಂದದ್ದು ಆಟಿ, ಅಂದರೆ ತುಳುವರ ಜಡಿಮಳೆಯ ತಿಂಗಳು, ಕಳೆದ ಮೇಲೆ. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ಅಟ್ಟದ ಮೇಲಿನ ಚರ್ಮದ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಹಿಡಿಯ ಮರ ಉಬ್ಬಿತ್ತು. ನಳಿಗೆ ಬಾಗಿಸಿ ಬೆಳಕಿಗೆ ಹಿಡಿದು ನೋಡಿದರೆ, ಅಪ್ಪ ಪ್ರತಿ ಭಾನುವಾರ ಎಣ್ಣೆಬಟ್ಟೆ ಎಳೆದು ಕನ್ನಡಿಯ ಹಾಗೆ ಇಟ್ಟಿದ್ದ ಎಡನಳಿಗೆಯ ಒಳಗೆ ಸಿಡುಬಿನ ಕಲೆಯಂತೆ ತುಕ್ಕಿನ ಗುಳಿಗಳು. ಅದನ್ನೂ ಮನೆಗೆ ತರುವ ಹಾಗಿರಲಿಲ್ಲ. ಹೊಸ ವಿಳಾಸ ದಾಖಲಾಗುವವರೆಗೆ ಪರವಾನಗಿ ಹೊಂದಿದ ಕೋವಿ ವ್ಯಾಪಾರಿಯ ಬಳಿ, ತಿಂಗಳ ಬಾಡಿಗೆಗೆ.

ಈಗ ನೀವು ಮಾಡಬೇಕಾದದ್ದು. ಮೊದಲು ಆ ಅಂಕಣ ಓದಿ. ಹೋಗುವ ಜಾಗ ಅದರೊಳಗೆ ಬರದಿದ್ದರೆ ವ್ಯಾಪ್ತಿ ವಿಸ್ತರಿಸಲು ಈಗಿನ ಪರವಾನಗಿ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಅದು ಕೈಗೆ ಬರುವವರೆಗೆ ಕೋವಿ ಅಲುಗಾಡಬಾರದು. ಠಾಣೆಯಲ್ಲೋ ವ್ಯಾಪಾರಿಯ ಬಳಿಯೋ ಇಟ್ಟು ರಶೀದಿ ಪಡೆಯಿರಿ, ರಶೀದಿಯಲ್ಲಿ ಕೋವಿಯ ಸಂಖ್ಯೆ, ತೋಟಾಗಳ ಲೆಕ್ಕ ಎರಡೂ ಇರಲಿ. ಇಡೀ ದೇಶಕ್ಕೆ ಅನ್ವಯಿಸುವ ಪರವಾನಗಿ ನಮ್ಮಂಥ ತೋಟದವರಿಗೆ ಸುಲಭವಾಗಿ ಸಿಗುವಂಥದ್ದಲ್ಲ, ಅದನ್ನು ಕೊಡಿಸುತ್ತೇನೆ ಎನ್ನುವ ದಲ್ಲಾಳಿಯಿಂದ ದೂರವಿರಿ. ವ್ಯಾಪ್ತಿ ಇದ್ದು ಕೋವಿಯೊಂದಿಗೆ ಹೋದರೂ, ಮೂವತ್ತು ದಿನಗಳ ಒಳಗೆ ಹಳೆಯ ಮತ್ತು ಹೊಸ ಪ್ರಾಧಿಕಾರ ಎರಡಕ್ಕೂ ಲಿಖಿತವಾಗಿ ತಿಳಿಸಲೇಬೇಕು. ಬಾಯಿಮಾತು ಬೇಡ, ಸ್ವೀಕೃತಿಯ ಮುದ್ರೆ ಬೇಕು.

ಒಯ್ಯುವಾಗ ಕೋವಿ ನಿಮ್ಮ ಕೈಯಲ್ಲೇ ಇರಲಿ, ತೋಟಾ ತೆಗೆದು, ಅದರ ಚೀಲದಲ್ಲಿ, ಮೂಲ ಪರವಾನಗಿಯ ಜೊತೆ. ಸಾಗಣೆಯ ಲಾರಿಯಲ್ಲಿ ಖಂಡಿತ ಬೇಡ. ಚುನಾವಣೆ ಘೋಷಣೆಯಾಗಿದ್ದರೆ ಕೋವಿಯ ಮಾತೇ ಬೇಡ, ಠೇವಣಿ ಇಟ್ಟು ನೀವೊಬ್ಬರೇ ಹೋಗಿ.

ಬೆಳೆ ರಕ್ಷಣೆಯ ಪರವಾನಗಿಯವರಿಗೆ ಇನ್ನೊಂದು ಕೊಕ್ಕೆ ಇದೆ. ಅದು ನಿಂತಿರುವುದು ಪಹಣಿಯ ಮೇಲೆ. ಇಲ್ಲಿಯ ಜಮೀನು ಪಾಲಾಗಿ ಹೋಗಿ, ಅಲ್ಲಿಯದು ಹೆಂಡತಿಯ ಅಥವಾ ಮಾವನ ಹೆಸರಿನಲ್ಲಿದ್ದರೆ, ‘ನಿಮಗೆ ಯಾವ ಬೆಳೆ?’ ಎಂಬ ಪ್ರಶ್ನೆ ಏಳುತ್ತದೆ. ನನಗೆ ಎದ್ದಿತು. ಗ್ರಾಮ ಕಚೇರಿಯ ಕಾಗದ, ತೆರಿಗೆ ರಶೀದಿ, ಮಾವನ ಒಪ್ಪಿಗೆ ಪತ್ರ ಎಲ್ಲ ಒಟ್ಟುಮಾಡುವುದಕ್ಕೆ ಎರಡು ತಿಂಗಳು ಹಿಡಿಯಿತು. ಎರಡು ಕಡೆಯ ಪೊಲೀಸ್ ವರದಿಗೆ ಮತ್ತಷ್ಟು. ಈ ನಡುವೆ ನಮ್ಮ ಹೊಸ ತೋಟಕ್ಕೆ ಹಂದಿ ನುಗ್ಗಿ ಬಾಳೆ ಮಲಗಿಸಿದವು. ಕೇರಳದಲ್ಲಿ 2022ರಿಂದ ಉಪಟಳ ಕೊಡುವ ಕಾಡುಹಂದಿ ಕೊಲ್ಲಲು ಪಂಚಾಯತಿ ಅಧ್ಯಕ್ಷರೇ ಅನುಮತಿ ಕೊಡಬಹುದು, ಹೊಡೆಯಲು ಪರವಾನಗಿ ಇರುವ ಕೋವಿಯವರು ಬೇಕು. ಪಂಚಾಯತಿಯವರು ಬಂದು, “ನಿಮ್ಮಲ್ಲಿ ಕೋವಿ ಇದೆಯಂತಲ್ಲ?” ಎಂದು ಕೇಳಿದರು. ಇದೆ, ಗಡಿಯಾಚೆ ಬಾಡಿಗೆಗೆ ಕೂತಿದೆ ಎಂದೆ.

ವರ್ಷ ಕಳೆದು ಕೋವಿ ಕೊನೆಗೂ ಮನೆಗೆ ಬಂತು. ಎಡನಳಿಗೆ ಬಳಸುವುದಿಲ್ಲ, ಬಲದ್ದು ಮಾತ್ರ. ಹೊಸ ಪುಸ್ತಕದಲ್ಲಿ ಆ ಅಂಕಣವನ್ನೇ ಮೊದಲು ನೋಡಿದೆ, ಕಾಸರಗೋಡು ಜಿಲ್ಲೆ ಎಂದಷ್ಟೇ ಇದೆ. ಕಳೆದ ಆಯುಧ ಪೂಜೆಗೆ ತಮ್ಮ ಫೋನು ಮಾಡಿ, “ಅಪ್ಪನ ಕೋವಿ ತೆಗೆದುಕೊಂಡು ಬಾ ಅಣ್ಣ, ಹಳೆಯ ಮನೆಯಲ್ಲೇ ಪೂಜೆಗೆ ಇಡೋಣ” ಎಂದ. ಹೂವು, ಗಂಧ ಹಿಡಿದುಕೊಂಡು ನೀನೇ ಇಲ್ಲಿಗೆ ಬಾ ಎಂದೆ. ಬಂದ.