ಎಂ2 ಕೊಂಡು ಎರಡೂವರೆ ವರ್ಷ: ದುಡ್ಡು ಎಲ್ಲಿ ಹೋಯಿತು?

2023ರ ಆಗಸ್ಟ್‌ನಲ್ಲಿ ಪುಣೆಯಲ್ಲಿ ಹೊಸ ಬಿಎಂಡಬ್ಲ್ಯು ಎಂ2 ಸ್ಪೋರ್ಟ್ಸ್ ಕಾರು ತಗೊಂಡೆ, ಮ್ಯಾನುಯಲ್ ಗೇರಿನದು. ಮೊನ್ನೆ ಮಾರೋಣ ಅಂತ ಮೂರು ಕಡೆ ಬೆಲೆ ಕೇಳಿದೆ. ಕೊನೆಗೆ ಮಾರಲಿಲ್ಲ. ಇಂಥ ಕಾರು ಕೊಳ್ಳೋಣ ಅಂತ ಯೋಚಿಸುತ್ತಿರುವವರಿಗೆ ಆ ಲೆಕ್ಕ ಉಪಯೋಗಕ್ಕೆ ಬರಬಹುದು.

ಕಾರು ಹೇಗಿದೆ ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. ಅದ್ಭುತವಾಗಿದೆ. ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್, ಎರಡು ಟರ್ಬೊ, 460 ಹಾರ್ಸ್‌ಪವರ್. ನಮ್ಮೂರು ಧಾರವಾಡ. ಬೆಳಗಿನ ಜಾವ ಪುಣೆಯ ಬಾಣೇರ್ ಬಿಟ್ಟು ಕಾತ್ರಜ್ ದಾಟಿ ಖಂಬಾಟ್ಕಿ ಘಾಟ್ ಏರುವಾಗ ಮೂರನೇ ಗೇರಿನಲ್ಲಿ ಅದು ಎಳೆಯುವ ರೀತಿ ಇದೆಯಲ್ಲ, ಅದಕ್ಕಾಗಿಯೇ ನಾನು ಎಷ್ಟೋ ಸಲ ರೈಲು ಬಿಟ್ಟು ಕಾರಲ್ಲಿ ಊರಿಗೆ ಹೋಗಿದ್ದೇನೆ. ಹಿಂದಿನ ಸೀಟು ಮಾತ್ರ ಮಕ್ಕಳಿಗೆ ಸರಿ. ಮಂಡಿನೋವಿರುವ ಅಮ್ಮನಿಗೆ ಮುಂದಿನ ಸೀಟಿನಿಂದ ಏಳುವುದೇ ಕಷ್ಟ. ಮಾರುವ ಯೋಚನೆ ಬಂದದ್ದೂ ಅದರಿಂದಲೇ.

ಕಾರು ತಂದ ದಿನ ಧಾರವಾಡದ ಮಾಮಾ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ: "ತಮ್ಮಾ, ನಾಳೆ ಮಾರಿದ್ರ ಎಷ್ಟ ಬರತೈತಿ?" ಆಗ ನನಗೆ ಸಿಟ್ಟು ಬಂದಿತ್ತು. ಆದರೆ ಕೇಳಬೇಕಾದದ್ದು ಅದನ್ನೇ. ಆಗ ಎಕ್ಸ್ ಶೋರೂಮ್ ಬೆಲೆ 98 ಲಕ್ಷ ಇತ್ತು. ಈ ಕಾರು ಮೆಕ್ಸಿಕೋದಲ್ಲಿ ಪೂರ್ತಿ ತಯಾರಾಗಿ ಬರುತ್ತದೆ, ಮಹಾರಾಷ್ಟ್ರದಲ್ಲಿ ಹೊರದೇಶದಿಂದ ಬಂದ ಕಾರಿಗೆ ರೋಡ್ ಟ್ಯಾಕ್ಸ್ 20 ಪರ್ಸೆಂಟ್. ಅಂದರೆ 19 ಲಕ್ಷ 60 ಸಾವಿರ. ಇನ್ಶೂರೆನ್ಸ್ ಮೂರು ಲಕ್ಷ ದಾಟಿತು. ಒಟ್ಟು 1 ಕೋಟಿ 21 ಲಕ್ಷದ ಹತ್ತಿರ. ಇದರ ಮೇಲೆ ಕಟ್ಟಿದ ಒಂದು ಪರ್ಸೆಂಟ್ ಟಿಸಿಎಸ್ (ಕಾರು ಮಾರುವವರು ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ) ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರುತ್ತದೆ, ಅದನ್ನು ಮರೆಯಬೇಡಿ. ರೋಡ್ ಟ್ಯಾಕ್ಸ್ ಮಾತ್ರ ನಂಬರ್ ಪ್ಲೇಟ್ ಹತ್ತಿದ ದಿನವೇ ಹೋದ ಹಾಗೆ. ಕಾರು ಕಳುವಾದರೂ ಇನ್ಶೂರೆನ್ಸ್‌ನವರು ಕೊಡುವುದು ಐಡಿವಿ (ಪಾಲಿಸಿಯಲ್ಲಿ ಕಾರಿಗೆ ಹಾಕಿರುವ ಬೆಲೆ) ಪ್ರಕಾರ, ಅದರಲ್ಲಿ ರೋಡ್ ಟ್ಯಾಕ್ಸ್ ಸೇರಿರುವುದಿಲ್ಲ. ಬಿಲ್ಲಿನ ಬೆಲೆಯನ್ನೇ ಕೊಡುವ ರಿಟರ್ನ್ ಟು ಇನ್‌ವಾಯ್ಸ್ ಅನ್ನೋ ಆಡ್‌ಆನ್ (ಹೆಚ್ಚುವರಿ ವಿಮೆ) ತಗೊಂಡರೆ ಮಾತ್ರ ಸ್ವಲ್ಪ ಧೈರ್ಯ.

ಈಗ ಮಾರಾಟದ ಮಾತು. ಓಡಿದ್ದು 16 ಸಾವಿರ ಕಿಲೋಮೀಟರ್. ಒಬ್ಬ ಡೀಲರ್ 68 ಲಕ್ಷ ಅಂದ, ಇನ್ನೊಬ್ಬ 71. ನೇರವಾಗಿ ಕೊಳ್ಳಲು ಬಂದ ಕೊಲ್ಹಾಪುರದ ಡಾಕ್ಟರ್ ಒಬ್ಬರು 74ರ ತನಕ ಬಂದರು. ಒಳ್ಳೆಯದನ್ನೇ ಹಿಡಿದರೂ 47 ಲಕ್ಷ ಕರಗಿತು, ಕಿಲೋಮೀಟರಿಗೆ ಸುಮಾರು 290 ರೂಪಾಯಿ. ಪೆಟ್ರೋಲ್, ಸರ್ವಿಸ್ ಇನ್ನೂ ಇದರಲ್ಲಿ ಸೇರಿಲ್ಲ. 68 ಕೇಳಿ ಬೇಜಾರಾಯಿತು, ನಿಜ. ಆದರೆ ಐಡಿವಿ ಪಟ್ಟಿಯಲ್ಲಿ ಎರಡರಿಂದ ಮೂರು ವರ್ಷದ ಕಾರಿಗೆ 30 ಪರ್ಸೆಂಟ್ ಕಳೆಯುತ್ತಾರೆ. 98ರಲ್ಲಿ ಅಷ್ಟು ಕಳೆದರೆ 68 ಲಕ್ಷ 60 ಸಾವಿರ. ಆ ಮನುಷ್ಯ ಹೇಳಿದ್ದು ತಪ್ಪೇನಲ್ಲ.

ಇದರ ಜೊತೆ 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಬದಲಾಯಿತು. ದೊಡ್ಡ ಎಂಜಿನ್ನಿನ ಇಂಥ ಕಾರಿಗೆ ಮೊದಲು ಸೆಸ್ ಸೇರಿ 48 ಪರ್ಸೆಂಟ್ ಇತ್ತು, ಈಗ 40. ಹೊಸ ಕಾರು ಅಗ್ಗವಾದರೆ ಹಳೆಯದನ್ನು ಯಾರು ಹಳೇ ಬೆಲೆಗೆ ಕೇಳುತ್ತಾರೆ? ಬೆಂಗಳೂರಿನಿಂದಲೂ ಇಬ್ಬರು ಫೋನ್ ಮಾಡಿದರು, ಇಬ್ಬರೂ ಮೊದಲು ಕೇಳಿದ್ದು ಗೇರ್ ಮ್ಯಾನುಯಲ್ಲಾ ಅಂತ. ಆಸೆ ಇತ್ತು ಅವರಿಗೆ. ಆದರೆ ಮಹಾರಾಷ್ಟ್ರದ ಆರ್‌ಟಿಒದಿಂದ ಎನ್‌ಒಸಿ (ಅಡ್ಡಿಯಿಲ್ಲ ಅನ್ನುವ ಪತ್ರ) ತಗೊಂಡು ಕರ್ನಾಟಕದಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಬೇಕು, ಅದನ್ನೆಲ್ಲ ನನ್ನ ಬೆಲೆಯಲ್ಲೇ ಮುರಿದುಕೊಳ್ಳುತ್ತೇವೆ ಅಂದರು. ಮಹಾರಾಷ್ಟ್ರದ ಕಾರನ್ನು ಮಹಾರಾಷ್ಟ್ರದವರಿಗೇ ಮಾರುವುದು ಒಳ್ಳೆಯದು.

ದಿನದ ಖರ್ಚಿನಲ್ಲಿ ಜಾಸ್ತಿ ನೋವು ಕೊಟ್ಟದ್ದು ಟೈರು. ಮುಂದೆ 19 ಇಂಚು, ಹಿಂದೆ 20 ಇಂಚು, ಅಗಲವೂ ಬೇರೆ. ಹಾಗಾಗಿ ಹಿಂದಿನದನ್ನು ಮುಂದೆ ಹಾಕಿ ಸವೆತ ಸರಿದೂಗಿಸಲು ಆಗುವುದಿಲ್ಲ. ಹಿಂದಿನ ಎರಡು 13 ಸಾವಿರ ಕಿಲೋಮೀಟರಿಗೇ ಮುಗಿದವು. ಹೋದ ಮಳೆಗಾಲ ಸಾತಾರಾ ದಾಟಿದ ಮೇಲೆ, ಹೆದ್ದಾರಿ ಅಗಲ ಮಾಡುವ ಕೆಲಸದ ಡೈವರ್ಶನ್ ಒಂದರಲ್ಲಿ, ನೀರು ತುಂಬಿದ ಗುಂಡಿ ಕಾಣದೆ ಮುಂದಿನ ಟೈರಿನ ಪಕ್ಕ ಉಬ್ಬಿ ಬಂತು. ಸ್ಟೆಪ್ನಿ ಇಲ್ಲ, ಇರುವುದು ಪಂಕ್ಚರ್ ಕಿಟ್ ಒಂದೇ. ಉಬ್ಬಿದ ಟೈರಿಗೆ ಅದರಿಂದ ಏನೂ ಆಗುವುದಿಲ್ಲ ಅಲ್ವಾ? ಕಾರನ್ನು ಲಾರಿ ಮೇಲೆ ಹಾಕಿ ಪುಣೆಗೆ ತಂದೆ. ಆ ಸೈಜಿನ ಟೈರು ಮುಂಬೈಯಿಂದ ಬರಲು ನಾಲ್ಕು ದಿನ ಕಾದೆ. ಟೈರಿನ ಆಡ್‌ಆನ್ ಬೇರೆಯಾಗಿ ತಗೊಳ್ಳಿ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್ ಸಾಮಾನಿಗೆ ಅರ್ಧ ದುಡ್ಡು ಮುರಿದುಕೊಳ್ಳುತ್ತಾರೆ.

ಮೈಲೇಜ್ ಊರೊಳಗೆ ಲೀಟರಿಗೆ ಆರೂವರೆ ಕಿಲೋಮೀಟರ್, ಹೆದ್ದಾರಿಯಲ್ಲಿ ಹನ್ನೊಂದು. 95 ಆಕ್ಟೇನಿನ ಪೆಟ್ರೋಲ್ ಹಾಕಿಸುತ್ತೇನೆ. ಸರ್ವಿಸ್ ನಾನು ಹೆದರಿದಷ್ಟು ಇರಲಿಲ್ಲ.

ಕೊಳ್ಳುವವರಿಗೆ ಹೇಳುವುದು ಇಷ್ಟೇ: ಹೊಸದು ಬೇಡ, ಎರಡು ಮೂರು ವರ್ಷದ್ದು ನೋಡಿ. ಮೊದಲ ಮಾಲೀಕ ಟ್ಯಾಕ್ಸ್ ಕಟ್ಟಿಯಾಗಿದೆ, ದೊಡ್ಡ ಇಳಿತವನ್ನೂ ಅವನೇ ಹೊತ್ತಿದ್ದಾನೆ. ನೋಡಲು ಹೋದಾಗ 2 ಸಾವಿರ ಕಿಲೋಮೀಟರಿನ ಸರ್ವಿಸ್ ದಾಖಲೆ ತೋರಿಸಿ ಅನ್ನಿ. ಬಿಎಂಡಬ್ಲ್ಯುನ ಎಂ ಕಾರುಗಳಿಗೆ ಹೊಸ ಎಂಜಿನ್ ಹದಕ್ಕೆ ಬಂದ ಮೇಲೆ ಆ ಸರ್ವಿಸ್ ಆಗಲೇಬೇಕು. ಅದು ಇಲ್ಲದಿದ್ದರೆ ನಾನಂತೂ ಆ ಕಾರು ಮುಟ್ಟುವುದಿಲ್ಲ. ಟೈರಿನ ಒಳಬದಿ, ರಿಮ್ಮಿನ ಅಂಚು ಕೈಯಾಡಿಸಿ ನೋಡಿ. ವಾರಂಟಿ ಎಲ್ಲಿಯವರೆಗೆ ಉಳಿದಿದೆ ಅಂತ ಬರಹದಲ್ಲೇ ತಗೊಳ್ಳಿ.

ನಾನೇಕೆ ಮಾರಲಿಲ್ಲ ಅಂದರೆ, ಆ ದೊಡ್ಡ ಇಳಿತದ ದುಡ್ಡು ನಾನು ಕೊಟ್ಟಾಗಿದೆ. ಇನ್ನು ವರ್ಷಕ್ಕೆ ಕಳೆಯುವುದು ಅಷ್ಟು ಇರುವುದಿಲ್ಲ, ಈಗ ಮಾರಿದರೆ ಲಾಭವೆಲ್ಲ ಕೊಂಡವರಿಗೆ. ಅಮ್ಮನಿಗಾಗಿ ಎತ್ತರದ ಸೀಟಿನ ಸೆಕೆಂಡ್ ಹ್ಯಾಂಡ್ ಕಾರು ಒಂದು ತಗೊಂಡೆ. ಎಂ2 ಮನೆಯಲ್ಲೇ ಇದೆ. ಮುಂದಿನ ವಾರ ಅದರಲ್ಲೇ ಧಾರವಾಡಕ್ಕೆ ಹೊರಟಿದ್ದೇನೆ.