ಮಳೆಹಾನಿ ತೆರವು ಗುತ್ತಿಗೆ: ಅಗ್ಗದ ರೇಟು ಯಾರ ಕೂಲಿಯಿಂದ?

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರದ ಕಡೆ ಧರೆ (ಮನೆ, ರಸ್ತೆ ಪಕ್ಕದ ಕಡಿದಾದ ಮಣ್ಣಿನ ದಿಬ್ಬ) ಜರಿದಾಗ ಅಥವಾ ಹೊಳೆ ಮನೆಗೆ ನುಗ್ಗಿ ಇಳಿದಾಗ ಸಿಗುವ ತೆರವು ಸೇವೆ ಮೂರು ಥರದ್ದು: ‘ಎಲ್ಲಾ ಸೇರಿ ಇಷ್ಟು’ ಅನ್ನುವ ಒಟ್ಟು ಗುತ್ತಿಗೆ, ಜೆಸಿಬಿಯ ಗಂಟೆ ಲೆಕ್ಕ, ಮೇಸ್ತ್ರಿ ಕರೆತರುವ ಆಳುಗಳ ದಿನಗೂಲಿ. ಐದಕ್ಕೆ ಅಂಕ ಕೊಡುವುದಾದರೆ ಒಟ್ಟು ಗುತ್ತಿಗೆಗೆ ಎರಡು, ಗಂಟೆ ಲೆಕ್ಕಕ್ಕೆ ಮೂರು. ಹಾಜರಿ ಪುಸ್ತಕ ಇಡುವ ಮೇಸ್ತ್ರಿಯಾದರೆ ನಾಲ್ಕು ಕೊಡಬಹುದು, ಇಡದವನಿಗೆ ಒಂದೂ ಹೆಚ್ಚೇ.

ಒಟ್ಟು ಗುತ್ತಿಗೆಯವನು ಬಾಗಿಲಲ್ಲೇ ನಿಂತು ಒಳಗೆ ಇಣುಕಿ ರೇಟು ಹೇಳುತ್ತಾನೆ. ಗೋಡು, ಅಂದರೆ ಹೊಳೆ ಇಳಿದ ಮೇಲೆ ಉಳಿಯುವ ಕೆಸರುಮಣ್ಣು, ಕಣ್ಣಂದಾಜಿಗೆ ಸಿಗುವ ಸರಕಲ್ಲ. 10 ಅಡಿಗೆ 12 ಅಡಿಯ ಕೋಣೆಯಲ್ಲಿ ಅರ್ಧ ಅಡಿ ಗೋಡು ಕೂತರೆ 60 ಘನ ಅಡಿ. ನೋಡಲು ಏನೂ ಅಲ್ಲ. ಹಸಿಯಿದ್ದಾಗ ತೂಕ ಮಾತ್ರ ಮೂರು ಟನ್ನಿನ ಹತ್ತಿರ. ಬಾಂಡ್ಲಿಗೆ 18 ಕಿಲೋ ಹಿಡಿದರೂ ಸುಮಾರು 160 ಬಾಂಡ್ಲಿ. 100 ಅಡಿ ಆಚೆ ಹೊತ್ತು ಹಾಕಬೇಕಾದರೆ ಹೋಗಿಬರುವ ನಡಿಗೆಯೇ ಹತ್ತು ಕಿಲೋಮೀಟರ್ ಆಯಿತು, ಅರ್ಧ ದಾರಿ ಹೊರೆ ಸಮೇತ. ಇದು ಒಂದು ಕೋಣೆಯ ಲೆಕ್ಕ. 2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದಾಗ ಬೀದಿಗೆ ಬೀದಿಯೇ ಹೀಗಿತ್ತು.

ಈ ಲೆಕ್ಕ ಹಾಕದೆ ಒಪ್ಪಿಕೊಂಡವನಿಗೆ ಎರಡನೇ ದಿನವೇ ನಷ್ಟ ಕಾಣಿಸುತ್ತದೆ. ಡೀಸೆಲ್ ದರದಲ್ಲಿ ಚೌಕಾಸಿ ನಡೆಯದು, ಟ್ರ್ಯಾಕ್ಟರ್ ಬಾಡಿಗೆಯೂ ಇಳಿಯದು. ಇಳಿಸಲು ಉಳಿಯುವುದು ಕೂಲಿ ಒಂದೇ. ಎಂಟು ಗಂಟೆಯ ಕೂಲಿಗೆ ಹತ್ತು ಹನ್ನೊಂದು ಗಂಟೆ ದುಡಿಸುವುದು, ಅದೇ ಬಾಂಡ್ಲಿ ಹೊತ್ತ ಹೆಣ್ಣಾಳಿಗೆ ಕಡಿಮೆ ಕೊಡುವುದು, ‘ಬಿಲ್ ಆಗಲಿ, ಆಮೇಲೆ ನೋಡೋಣ’ ಅನ್ನುವುದು. ಮೂವರ ರೇಟಿನಲ್ಲಿ ಒಬ್ಬನದು ತೀರಾ ಕಡಿಮೆ ಬಂದರೆ, ಎಷ್ಟು ಆಳು, ಎಷ್ಟು ದಿನ, ತಲೆಗೆ ಎಷ್ಟು ಕೂಲಿ ಅಂತ ಬಿಡಿಸಿ ಕೇಳಿ. ಬಿಡಿಸಿ ಹೇಳದವನ ಅಗ್ಗ ಎಲ್ಲಿಂದ ಬಂತು ಅನ್ನುವುದು ಗೊತ್ತಾಗುತ್ತದೆ.

ಇನ್ನೊಂದು ತಕರಾರು ಅಳತೆಯದು. ಅಗೆದ ಮಣ್ಣು ಉಬ್ಬುತ್ತದೆ. ನೆಲದಲ್ಲಿ 100 ಘನ ಅಡಿ ಇದ್ದದ್ದು ಟ್ರಾಲಿಯಲ್ಲಿ 125 ಆಗಬಹುದು. ಮಾಲೀಕರಿಗೆ ಟ್ರಾಲಿ ಲೆಕ್ಕದಲ್ಲಿ ಬಿಲ್ ಮಾಡಿ, ಆಳುಗಳ ತುಂಡು ಗುತ್ತಿಗೆಗೆ ನೆಲದ ಲೆಕ್ಕ ಹಿಡಿದರೆ ನಡುವಿನ 25 ಯಾರ ಜೇಬಿಗೆ? ಯಾವ ಅಳತೆ ಅನ್ನುವುದು ಮೊದಲೇ ಬರೆದುಕೊಳ್ಳಬೇಕು. ಮಣ್ಣು ಸಾಗಿದ ಮೇಲೆ ಸಾಕ್ಷಿಯೂ ಅದರ ಜೊತೆಗೇ ಸಾಗುತ್ತದೆ. ಆದ್ದರಿಂದ ತೆಗೆಯುವ ಮೊದಲೇ ಗೋಡೆಗೆ ಗೋಡಿನ ಎತ್ತರದ ಗುರುತು ಹಾಕಿ, ಟೇಪು ಕಾಣುವಂತೆ ಫೋಟೊ ತೆಗೆದಿಡಿ. ಟ್ರಾಲಿಯನ್ನೂ ಒಳಗಿನಿಂದ ಅಳೆಯಿರಿ.

ಜೆಸಿಬಿ ಲೆಕ್ಕ ಇದಕ್ಕಿಂತ ಸಲೀಸು. ಶುರುವಿನ ಮತ್ತು ಕೊನೆಯ ಮೀಟರ್ ರೀಡಿಂಗ್ ಫೋಟೊ ಇದ್ದರೆ ಜಗಳವಿಲ್ಲ. ಆದರೆ ಎಂಜಿನ್ ಸುಮ್ಮನೆ ಓಡುತ್ತಿದ್ದರೂ ಮೀಟರ್ ಏರುತ್ತದೆ. ಒಂದೇ ಟ್ರ್ಯಾಕ್ಟರ್ ಇಟ್ಟುಕೊಂಡರೆ ಅದು ಸುರಿದು ಬರುವ ತನಕ ನೀವು ಕಾಯುವುದಕ್ಕೂ ಬಾಡಿಗೆ ಕೊಟ್ಟಂತೆ. ಆಪರೇಟರ್ ಬಾಟಾ (ದಿನದ ಭತ್ಯೆ) ರೇಟಿನೊಳಗೋ ಹೊರಗೋ ಅಂತಲೂ ಕೇಳಿಕೊಳ್ಳಿ. ಅಡಿಕೆ ತೋಟಕ್ಕಂತೂ ಮಿಷನ್ ಇಳಿಸಬೇಡಿ: ಬಸಿಗಾಲುವೆ ಮುಚ್ಚುತ್ತದೆ, ಮೇಲುಬೇರು ಹರಿಯುತ್ತದೆ. ಅಲ್ಲಿ ಸಲಿಕೆಯೇ ಸರಿ.

ಜರಿದ ಧರೆಯ ಕೆಲಸದಲ್ಲಿ ಗುತ್ತಿಗೆದಾರನ ಅನುಭವ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ. ಬುಡದ ಮಣ್ಣನ್ನು ಮೊದಲು ಎಳೆದರೆ ಮೇಲಿನದಕ್ಕೆ ಆಸರೆ ತಪ್ಪಿ ಮತ್ತೆ ಜರಿಯುತ್ತದೆ. ಬಲ್ಲವನು ಮೊದಲು ಧರೆಯ ತಲೆಯಲ್ಲಿ ಬಿರುಕಿದೆಯೇ ನೋಡುತ್ತಾನೆ, ಮೇಲಿನ ನೀರನ್ನು ಬೇರೆ ಕಡೆ ತಿರುಗಿಸುತ್ತಾನೆ, ಬಿರುಕಿಗೆ ಟಾರ್ಪಾಲು ಹೊದಿಸುತ್ತಾನೆ, ಆಮೇಲೆ ಮೇಲಿನಿಂದ ಕೆಳಗೆ ಬಿಡಿಸುತ್ತಾನೆ. ಮಳೆ ಹಿಡಿದರೆ ಆಳುಗಳನ್ನು ಆಚೆ ಕಳಿಸುತ್ತಾನೆ. ಆ ಕಾದ ಹೊತ್ತಿಗೂ ಕೂಲಿ ಸಲ್ಲಬೇಕು. ಇಲ್ಲದಿದ್ದರೆ ಮಳೆಯಲ್ಲೇ ಬುಡಕ್ಕೆ ಇಳಿಯುತ್ತಾರೆ. ತೆಗೆದ ಮಣ್ಣನ್ನು ಹಳ್ಳಕ್ಕೆ ತಳ್ಳುವವನಿಗೆ ಕೆಲಸವನ್ನೇ ಕೊಡಬೇಡಿ. ಮುಂದಿನ ಮಳೆಗೆ ಅದು ಕೆಳಗಿನ ಗದ್ದೆಯಲ್ಲಿ ಇರುತ್ತದೆ.

ಗಂಬೂಟು, ಕೈಗವಸು ರೇಟಿನೊಳಗೇ ಸೇರಿರಲಿ. ಕೆಸರು ನೀರಿನಲ್ಲಿ ಇಲಿ ಜ್ವರದ ಭಯವಿದೆ, ಕಾಲಲ್ಲಿ ಗಾಯವಿದ್ದವರಿಗೆ ಇನ್ನೂ ಹೆಚ್ಚು. ಜ್ವರದ ಮುನ್ನೆಚ್ಚರಿಕೆ ಮಾತ್ರೆ ಬೇಕೇ ಅಂತ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲೇ ಕೇಳಿಸಬೇಕು.

ಪಂಚಾಯಿತಿ ಅಥವಾ ರಸ್ತೆ ಕೆಲಸದ ಬಗ್ಗೆ ಒಂದು ಮಾತು. ಸರ್ಕಾರ ಘೋಷಿಸಿದ ನೈಸರ್ಗಿಕ ವಿಕೋಪದ ಅವಧಿಯಲ್ಲಿ ಕರ್ನಾಟಕದ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ 4(ಎ) ಕಲಮು ಟೆಂಡರ್‌ನಿಂದ ವಿನಾಯಿತಿ ಕೊಡುತ್ತದೆ. ತುರ್ತಿಗೆ ಅದು ಬೇಕೇ ಬೇಕು. ಆದರೆ ಕೆಲಸ ಕೈಯಿಂದ ಕೈಗೆ ಇಳಿದಷ್ಟೂ ಮೂಲ ರೇಟು ಆಳಿನ ಕಣ್ಣಿಗೆ ಬೀಳುವುದಿಲ್ಲ. ಕೂಲಿಗೆ ವಿನಾಯಿತಿ ಮಾತ್ರ ಎಲ್ಲೂ ಇಲ್ಲ: 2019ರ ವೇತನ ಸಂಹಿತೆಯ ಪ್ರಕಾರ ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು, ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ದಿನಗೂಲಿಯ ಬಟವಾಡೆ ಪಾಳಿ ಮುಗಿದಾಗಲೇ ಆಗಬೇಕು, ವಾರದ ಲೆಕ್ಕವಾದರೆ ವಾರದ ರಜೆಯ ಹಿಂದಿನ ಕೆಲಸದ ದಿನ.

ಮುಂಗಡ ಕೊಡುವುದಾದರೆ ಡೀಸೆಲ್ಲಿಗೆ ಮತ್ತು ಮೊದಲ ದಿನದ ಕೂಲಿಗೆ ಸಾಕಾಗುವಷ್ಟೇ ಕೊಡಿ. ಉಳಿದದ್ದನ್ನು ಅಳತೆ ಆದಂತೆ ಕಂತಿನಲ್ಲಿ. ಕೊನೆಯ ಕಂತು, ಹಾಜರಿ ಪುಸ್ತಕದಲ್ಲಿ ಪ್ರತಿ ಆಳಿನ ಹೆಸರಿನ ಮುಂದೆ ದಿನ, ಗಂಟೆ, ಪಡೆದ ಮೊತ್ತ, ಸಹಿ ಅಥವಾ ಹೆಬ್ಬೆಟ್ಟು ನೋಡಿದ ಮೇಲೆ.