ಪಂಪ್ ಶಾಫ್ಟ್ ‘ಹೊಸದು ಹಾಕಿದೀನಿ’ ಅಂದರೆ ನಂಬಬೇಡಿ, ಹಳೇದನ್ನು ಕೈಗೆ ಕೇಳಿ

ಟ್ರ್ಯಾಕ್ಟರಿನ ಹೈಡ್ರಾಲಿಕ್ ಪಂಪ್ (ಹಿಂದೆ ಕಟ್ಟಿದ ಸಾಮಾನು ಎತ್ತುವ ಲಿಫ್ಟಿಗೆ ಆಯಿಲ್ ಒತ್ತುವ ಪಂಪ್) ರಿಪೇರಿಗೆ ಕೊಡುವವರು ಇದನ್ನು ಓದಿ ಆಮೇಲೆ ಕೊಡಿ. 5,200 ರೂಪಾಯಿ ಕೊಟ್ಟು ಮೋಸ ಹೋಗಿದ್ದೇನೆ. ದುಡ್ಡು ಹೋಯ್ತು ಅನ್ನೋದಕ್ಕಿಂತ, ವರ್ಕ್‌ಶಾಪಲ್ಲೇ ಕೂತು ಅಲ್ಲಿಯವನು ತರಿಸಿದ ಟೀ ಕುಡೀತಾ ಮೋಸ ಹೋದೆನಲ್ಲ, ಅದೇ ಹೊಟ್ಟೆ ಉರಿಯುತ್ತಿರುವುದು.

ನಮ್ಮದು ಚನ್ನಗಿರಿ ಕಡೆ. ಅಡಿಕೆ ಸಾಲಿನ ನಡುವೆ ಓಡಾಡಲಿ ಅಂತ ಸಣ್ಣ ಟ್ರ್ಯಾಕ್ಟರ್ ಇಟ್ಟಿದ್ದೇನೆ. ಮೂರೆಕರೆ ಮೆಕ್ಕೆಜೋಳದ ಹೊಲಕ್ಕೂ ಅದೇ. ರೋಹಿಣಿ ಮಳೆ ಬಿದ್ದು ಹೊಲ ಹದಕ್ಕೆ ಬಂದ ವಾರವೇ ಲಿಫ್ಟ್ ಕೈಕೊಟ್ಟಿತು. ರೋಟವೇಟರ್ ಅರ್ಧ ಏಳುವುದು, ಅಲ್ಲೇ ನಿಲ್ಲುವುದು. ಇಂಜಿನ್ ಮುಂದಿನಿಂದ ಕಟಕಟ ಸದ್ದು. ಪಂಪ್ ಬಿಚ್ಚಿಸಿದರೆ ಅದನ್ನು ತಿರುಗಿಸುವ ದಂಡ, ಅಂದರೆ ಶಾಫ್ಟಿನ ತುದಿ, ಗೇರ್ ಕೂರುವ ಕಡೆ, ಸವೆದು ಹೋಗಿತ್ತು. ಗೇರ್ ಜಾರದಂತೆ ಹಿಡಿಯುವ ಸಣ್ಣ ತುಂಡು, ಕೀ, ಅದು ಕೂರುವ ಜಾಗ ಹರಿದು ಅಗಲವಾಗಿತ್ತು.

ಪಟ್ಟಣದಲ್ಲಿ ಒಂದು ವರ್ಕ್‌ಶಾಪ್ ಇದೆ, ಹೆಸರು ಹಾಕಲ್ಲ. ಅವನು ನೋಡಿದ ಕೂಡಲೇ ಹೇಳಿದ: “ಗೌಡ್ರೇ, ಪೂರಾ ಪಂಪ್ ಯಾಕೆ ಬದಲಾಯಿಸ್ತೀರಿ, ಒಂಬತ್ತು ಸಾವಿರದ ಮೇಲೆ ಆಗ್ತದೆ. ಶಾಫ್ಟ್ ಒಂದು ಹೊಸದು ಹಾಕಿ ಸೀಲ್ ಕಿಟ್ ಹಾಕಿದ್ರೆ ಮುಗೀತು.” ಮಳೆಗಾಲ, ಕೈಯಲ್ಲಿ ದುಡ್ಡಿಲ್ಲ, ಹದ ತಪ್ಪುತ್ತೆ ಅನ್ನೋ ಭಯ. ಯಾರಾದರೂ ಹೂಂ ಅಂತಾರೆ ಅಲ್ವಾ? ನಾನೂ ಅಂದೆ. ಈ ಥರದ ಗೇರ್ ಪಂಪಿನಲ್ಲಿ ಶಾಫ್ಟ್ ಮತ್ತು ಒಳಗಿನ ಗೇರ್ ಒಂದೇ ತುಂಡು, ಅಂಗಡಿಯಲ್ಲಿ ಬರೀ ಶಾಫ್ಟ್ ಅಂತ ಸುಲಭಕ್ಕೆ ಸಿಗಲ್ಲ ಅನ್ನೋದು ಆಗ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಅಲ್ಲೇ ಹಿಡಿಯುತ್ತಿದ್ದೆ.

ಸಂಜೆ ಕೊಟ್ಟ. ಶಾಫ್ಟಿನ ತುದಿ ಪಳಪಳ ಅಂತಿತ್ತು. ಆದರೆ ಅದರ ಹಿಂದೆ, ಆಯಿಲ್ ಸೋರದಂತೆ ತಡೆಯುವ ಸೀಲ್ ಕೂರುವ ಕಡೆಗೆ, ಬೆರಳಗಲ ಒಂದು ನೀಲಿ ಪಟ್ಟಿ. ನವಿಲುಗರಿಯ ಥರ ನೀಲಿ, ಅಂಚಲ್ಲಿ ಸ್ವಲ್ಪ ಕಂದು. ನಾನು ಕೇಳಿದೆ, ಕೇಳದೇ ಏನಿಲ್ಲ: “ಇದೇನಪ್ಪಾ ನೀಲಿ?”

“ಅದು ಟೆಂಪರ್ ಬಣ್ಣ ಗೌಡ್ರೇ. ಕಂಪನಿ ಮಾಲಲ್ಲಿ ಹಂಗೇ ಬರ್ತದೆ. ಡೂಪ್ಲಿಕೇಟಲ್ಲಿ ಬರಲ್ಲ.”

ಟೆಂಪರ್ ಅಂದರೆ ಉಕ್ಕನ್ನು ಕಾಯಿಸಿ ಹದ ಮಾಡುವುದು. ನಂಬಿದೆ. ನಂಬಿದ್ದು ಮಾತ್ರ ಅಲ್ಲ, ಊರಿಗೆ ಬಂದು ಪಕ್ಕದ ಹೊಲದವರಿಗೆ “ಟೆಂಪರ್ ಮಾಡಿರೋ ಒರಿಜಿನಲ್ ಶಾಫ್ಟು” ಅಂತ ದೊಡ್ಡದಾಗಿ ಹೇಳಿದೆ. ಈಗ ಅವರ ಮುಖ ನೋಡಲು ಆಗುತ್ತಿಲ್ಲ. ಅದು ವೆಲ್ಡಿಂಗ್ ಕಾವಿನ ಬಣ್ಣ. ನನ್ನ ಹಳೇ ಶಾಫ್ಟಿನ ತುದಿಗೇ ವೆಲ್ಡಿಂಗ್ ತುಂಬಿಸಿ, ಲೇಥ್ ಮಿಷನ್ನಲ್ಲಿ ತಿರುಗಿಸಿ ಕಡೆದು, ಕೀಗೆ ಹೊಸ ಜಾಗ ಕೊರೆದು ಕೊಟ್ಟಿದ್ದ. ಹಳೇದು ಎಲ್ಲಿ ಅಂತ ಕೇಳಿದ್ದಕ್ಕೆ “ಗುಜರಿ ಡಬ್ಬಕ್ಕೆ ಹಾಕ್ಬಿಟ್ಟೆ ಗೌಡ್ರೇ” ಅಂದಿದ್ದ. ಗುಜರಿ ಡಬ್ಬ ಅಲ್ಲೇ ಕಾಲ ಹತ್ತಿರ ಇತ್ತು. ಒಂದು ಸಲ ಬಗ್ಗಿ ನೋಡಲಿಲ್ಲ ನಾನು.

ಒಂಬತ್ತನೇ ದಿನ ಮತ್ತೆ ಲಿಫ್ಟ್ ಸೋತಿತು. ಇಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿದರೆ ಎದೆ ಧಸಕ್ ಅಂತು. ಆಯಿಲ್ ಮೇಲಿನ ಗೆರೆ ದಾಟಿ ಎರಡು ಬೆರಳು ಮೇಲಿದೆ, ನೀರಿನ ಹಾಗೆ ತೆಳ್ಳಗೆ. ಆಯಿಲ್ ಕಮ್ಮಿ ಆಗೋದು ನೋಡಿದ್ದೀವಿ, ಜಾಸ್ತಿ ಆಗೋದು ಎಲ್ಲಾದರೂ ಉಂಟಾ? ನನ್ನ ಗಾಡಿಯಲ್ಲಿ ಪಂಪ್ ಕೂತಿರುವುದು ಇಂಜಿನ್ನಿನ ಟೈಮಿಂಗ್ ಗೇರಿನ ಪೆಟ್ಟಿಗೆಗೆ. ಶಾಫ್ಟ್ ಸೊಟ್ಟ ತಿರುಗಿ ಸೀಲ್ ತಿಂದು ಹಾಕಿತ್ತು, ಲಿಫ್ಟಿನ ಆಯಿಲ್ ಎಲ್ಲ ಇಂಜಿನ್ನಿಗೆ ಇಳಿದಿತ್ತು. ಗಾಡಿ ಹಾಗೇ ಓಡಿಸಿದ್ದರೆ ಇಂಜಿನ್ನೇ ಹೋಗುತ್ತಿತ್ತು.

ಬೇರೆ ಊರಿನ ವಯಸ್ಸಾದ ಲೇಥ್‌ನವರ ಹತ್ತಿರ ಒಯ್ದೆ. ಅವರು ಏನೂ ಮಾತಾಡದೆ ಒಂದು ಅರ ತಗೊಂಡು ಶಾಫ್ಟಿನ ನಡುವೆ ಉಜ್ಜಿದರು. ಅರ ಜಾರಿತು, ಗೀರೂ ಬೀಳಲಿಲ್ಲ. ತುದಿಗೆ ಉಜ್ಜಿದರು. ಕರ್ ಕರ್ ಅಂತ ಪುಡಿ ಉದುರಿತು. “ಗಟ್ಟಿತನ ಎಲ್ಲ ಕಾವಿಗೆ ಹೋಗ್ಯದೆ ನೋಡ್ರಿ” ಅಂದರು. ಶಾಫ್ಟ್ ಕೂರುವ ಒಳಗಿನ ಬುಷ್, ಪಂಪಿನ ಬಾಡಿ ಎರಡೂ ಗೀರು ಬಿದ್ದು ಹಾಳು. ಕಲ್ಟಿವೇಟರ್ ಪಿನ್ನು, ಕೊಕ್ಕೆ ಇಂಥದ್ದಕ್ಕೆ ವೆಲ್ಡಿಂಗ್ ಮಾಡಿಸಿ, ಬೇಡ ಅನ್ನಲ್ಲ, ನಾನೂ ಮಾಡಿಸುತ್ತೇನೆ. ಇಂಜಿನ್ ಜೊತೆ ವೇಗವಾಗಿ ತಿರುಗುವ, ಕೂದಲೆಳೆ ಸಂದಿಯಲ್ಲಿ ಕೂರುವ ಪಂಪ್ ಶಾಫ್ಟಿಗೆ ಬೇಡ.

ವರ್ಕ್‌ಶಾಪಿನವನಿಗೆ ಫೋನ್ ಮಾಡಿದೆ. ಮೊದಲು “ನೀವು ಲೋಡ್ ಜಾಸ್ತಿ ಹಾಕಿದೀರಿ” ಅಂದ. ಆಮೇಲೆ “ನಿಮ್ಮ ಆಯಿಲ್ ಕೊಳೆ.” ಆಮೇಲೆ “ಸೀಲಿಗೆ ಗ್ಯಾರಂಟಿ ಇರಲ್ಲ ಗೌಡ್ರೇ.” ವೆಲ್ಡಿಂಗ್ ವಿಷಯ ಎತ್ತಿದ ಮೇಲೆ ಒಂದು ಕ್ಷಣ ಸುಮ್ಮನಿದ್ದು ಹೇಳಿದ: “ಹೊಸದು ಅಂದ್ರೆ ಹೊಸದರಂಗೆ ಮಾಡಿ ಕೊಡ್ತೀನಿ ಅಂತ. ಚೀಟಿ ನೋಡ್ರಿ.”

ಚೀಟಿ ನೋಡಿದೆ. ‘ಶಾಫ್ಟ್ ವರ್ಕ್ 3,200, ಸೀಲ್ 900, ಕೂಲಿ 1,100.’ ಶಾಫ್ಟ್ ಅಲ್ಲ, ಶಾಫ್ಟ್ ವರ್ಕ್. ಆ ಒಂದು ಪದ ಬರೆಯುವಾಗಲೇ ಅವನಿಗೆ ಗೊತ್ತಿತ್ತು! ಅಂಗಡಿ ಹೆಸರಿಲ್ಲ, ಜಿಎಸ್‌ಟಿ ನಂಬರ್ ಇಲ್ಲ, ಸಹಿ ಇಲ್ಲ. ನಮ್ಮ ಭಾವ ಗ್ರಾಹಕರ ಆಯೋಗಕ್ಕೆ ಹೋಗು, ಐದು ಲಕ್ಷದವರೆಗೆ ಫೀಸೂ ಇಲ್ಲ ಅಂದರು. ಈ ಬಿಳಿ ಚೀಟಿ ಹಿಡಿದು ಯಾರ ಮೇಲೆ ಹೋಗಲಿ?

ಹೊಸ ಪಂಪ್ 9,400, ಎರಡೂ ಆಯಿಲ್ ಬದಲಾಯಿಸಿದ್ದು 6,300, ಹದ ತಪ್ಪಬಾರದು ಅಂತ ಬೇರೆಯವರ ರೋಟವೇಟರ್ ಹೊಡೆಸಿದ್ದು ಐದು ಗಂಟೆಗೆ 5,500. ಅವನಿಗೆ ಕೊಟ್ಟ 5,200 ಸೇರಿಸಿದರೆ 26,400. ಮೊದಲೇ ಹೊಸ ಪಂಪ್ ಹಾಕಿಸಿದ್ದರೆ?

ಹಳೇ ಸಾಮಾನು ಕೈಗೆ ಬರದೆ ದುಡ್ಡು ಕೊಡಬೇಡಿ. ಚೀಟಿಯಲ್ಲಿ ‘ಹೊಸ ಶಾಫ್ಟ್’ ಅಂತ ಬರೆಸಿ, ಬರೆಯಲ್ಲ ಅಂದರೆ ಪಂಪ್ ಎತ್ತಿಕೊಂಡು ಬನ್ನಿ. ರಿಪೇರಿ ಆದ ಮೇಲೆ ದಿನಾ ಬೆಳಿಗ್ಗೆ ಇಂಜಿನ್ ಆಯಿಲ್ ಕಡ್ಡಿ ನೋಡಿ, ಏರಿದ್ದರೆ ಗಾಡಿ ಸ್ಟಾರ್ಟ್ ಮಾಡಬೇಡಿ. ಟೀ ಕುಡೀರಿ ಅಂದರೆ ಕುಡಿಯಿರಿ, ಆದರೆ ಲೇಥ್ ಪಕ್ಕದಲ್ಲೇ ನಿಂತು ಕುಡಿಯಿರಿ.

ಕೊನೆಗೆ ಮೊನ್ನೆ ಅವನೇ ಫೋನ್ ಮಾಡಿದ್ದ. ಹಾಳಾದ ಪಂಪ್ ತಂದು ಕೊಡಿ, ಗುಜರಿ ರೇಟಿಗೆ ತಗೋತೀನಿ ಅಂತ. ಕೊಡಲಿಲ್ಲ. ಜಗಲಿ ಮೇಲೆ ಇಟ್ಟಿದ್ದೇನೆ, ಪಕ್ಕದಲ್ಲೇ ಒಂದು ಅರ. ಬಂದವರಿಗೆ ಉಜ್ಜಿ ನೋಡಿ ಅನ್ನುತ್ತೇನೆ.